ಮೂರು ಗೇರಿನ ಕೈ

ನನಗೆ ಒಂದು ವಿದ್ಯೆ ಗೊತ್ತು. ಅದರಿಂದ ಈಗ ಯಾರಿಗೂ ಏನೂ ಉಪಯೋಗವಿಲ್ಲ. ಗುಜರಿ ಅಂಗಡಿಯ ಕಬ್ಬಿಣದ ರಾಶಿಯಲ್ಲಿ ಹಳೆಯ ಗೇರ್ ಬಾಕ್ಸು ಬಿದ್ದಿದ್ದರೆ ಅದು ಮೂರು ಗೇರಿನದೋ ನಾಲ್ಕು ಗೇರಿನದೋ ಎಂದು ನಿಂತಲ್ಲಿಂದಲೇ ಹೇಳಬಲ್ಲೆ. ಅದು ಅಮೇರಿಕಾದ ಜಾತಿಯದೋ ನಮ್ಮ ಕಡೆ ಎರಕ ಹೊಯ್ದದ್ದೋ ಎಂಬುದನ್ನು ಸ್ವಲ್ಪ ಸೀಮೆಎಣ್ಣೆ, ಒಂದು ತಂತಿ ಬ್ರಶ್ ಕೊಟ್ಟರೆ ಹೇಳುತ್ತೇನೆ. ನಾನು ಗಜೇಂದ್ರಗಡದ ನೇಕಾರರ ಮನೆಯ ಹೆಣ್ಣುಮಗಳು, ಹುಟ್ಟಿದ್ದೂ ಅಲ್ಲೇ, ಕೊಟ್ಟದ್ದೂ ಅಲ್ಲೇ. ಸೀರೆಯ ಸೆರಗು ಮುಟ್ಟಿ ಇದು ಯಾರ ಮಗ್ಗದ್ದು ಎಂದು ಹೇಳಿದರೆ ಜನ ತಲೆದೂಗುತ್ತಾರೆ, ಗೇರ್ ಬಾಕ್ಸು ಮುಟ್ಟಿ ಹೇಳಿದರೆ ನಗುತ್ತಾರೆ. ನಗಲಿ. ನಾನು ಇದನ್ನು ಹುಚ್ಚಿಗೆ ಕಲಿತದ್ದಲ್ಲ. ನನ್ನ ಗಂಡ ಗಾಡಿ ಹೊಡೆಯುವುದನ್ನು ಬಿಡಬಾರದು ಎಂದು ಕಲಿತದ್ದು.

ನಮ್ಮ ಮನೆಯವರು ಜೀಪು ಹೊಡೆಯುತ್ತಿದ್ದರು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರಿಗೆ ನಿಂತು, ಸೂಡಿಯ ಮೇಲೆ ಹಾಯ್ದು ರೋಣಕ್ಕೆ, ಒಮ್ಮೊಮ್ಮೆ ರಾಜೂರಿಗೆ. ಜೀಪು ನಮ್ಮ ಮಾವನವರ ಕಾಲದ್ದು, ಯಾವುದೋ ಹರಾಜಿನಲ್ಲಿ ಹಿಡಿದದ್ದು. ಮಿಲಿಟರಿಯವರು ಬಿಟ್ಟುಹೋದ ಅಮೇರಿಕಾದ ಗಾಡಿ ಎಂದು ಮಾವ ಹೇಳುತ್ತಿದ್ದರಂತೆ, ಇವರು ಅದನ್ನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದೆ ಇರುತ್ತಿರಲಿಲ್ಲ. ಸ್ಟೀರಿಂಗನ್ನು ಎಡದಿಂದ ಬಲಕ್ಕೆ ಮಾವನವರೇ ಹಾಕಿಸಿದ್ದು, ಟಾಪು ರೋಣದಲ್ಲಿ ಹೊಲಿಸಿದ್ದು, ಸೀಟು ನಮ್ಮ ಓಣಿಯವ ಹಾಕಿದ್ದು, ಬಾಗಿಲಂತೂ ಇರಲೇ ಇಲ್ಲ. ಅಮೇರಿಕಾದ್ದು ಅಂತ ಉಳಿದದ್ದು ಏನು ಎಂದು ನಾನು ಕೆಣಕಿದರೆ ಗೇರಿನ ಲಿವರಿನ ತುದಿಯ ಗುಂಡಿನ ಮೇಲೆ ಕೈ ಇಟ್ಟು ತೋರಿಸುತ್ತಿದ್ದರು. ನಾನು ಆ ಜೀಪಿಗೆ ಸವತಿ ಎಂದು ಹೆಸರಿಟ್ಟಿದ್ದೆ. ಮದುವೆಯಾಗಿ ಬಂದಾಗ ಅವಳು ನನಗಿಂತ ಮೊದಲೇ ಮನೆಯಲ್ಲಿದ್ದಳು, ನನಗಿಂತ ಹೆಚ್ಚು ಎಣ್ಣೆ ನೀರು ಕಂಡಿದ್ದಳು.

ಆ ಜೀಪಿಗೆ ಮುಂದಕ್ಕೆ ಮೂರೇ ಗೇರು. ಲಿವರನ್ನು ಎಡಕ್ಕೆ ತಳ್ಳಿ ಹಿಂದಕ್ಕೆ ಎಳೆದರೆ ಮೊದಲನೆಯದು. ಬಲಕ್ಕೆ ತಂದು ಮುಂದಕ್ಕೆ ಒತ್ತಿದರೆ ಎರಡನೆಯದು, ಅಲ್ಲಿಂದ ನೇರ ಹಿಂದಕ್ಕೆಳೆದರೆ ಮೂರನೆಯದು. ಎಡಕ್ಕೆ ತಳ್ಳಿ ಮುಂದಕ್ಕೆ ಒತ್ತಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ. ಈ ಕೊನೆಯದನ್ನು ಓದುವವರು ನೆನಪಿನಲ್ಲಿಡಬೇಕು, ನಮ್ಮ ಬಾಳು ಅದರ ಮೇಲೇ ನಿಂತಿತ್ತು. ಮೀಸೆ ಮೂಡುವ ಮೊದಲೇ ಆ ಲಿವರು ಹಿಡಿದ ಕೈ ಇವರದು. ಎಡಗೈ ಆ ಗುಂಡಿನ ಮೇಲೆ ಕೂತಿತೆಂದರೆ ಇವರು ಹಿಂದೆ ತಿರುಗಿ ಯಾರೊಂದಿಗಾದರೂ ಹರಟುತ್ತಿದ್ದರೂ ಕೈ ತನ್ನ ಕೆಲಸ ತಾನು ಮಾಡಿಕೊಂಡು ಹೋಗುತ್ತಿತ್ತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಎರಡನೇ ಗೇರು ಹಾರತೊಡಗಿತು. ಹಾಕಿ ಕೈ ಬಿಟ್ಟರೆ ಟಣ್ ಎಂದು ಹೊರಗೆ ಬರುತ್ತಿತ್ತು. ಅದಕ್ಕೆ ನಮ್ಮ ಜನ ಕಂಡುಕೊಂಡ ಉಪಾಯವನ್ನು ಬೇರೆಲ್ಲೂ ನಾನು ಕೇಳಿಲ್ಲ. ಡ್ರೈವರನ ಪಕ್ಕದ ನಡುವಿನ ಸೀಟಿನಲ್ಲಿ ಯಾರು ಕೂತರೂ ಎರಡನೇ ಗೇರನ್ನು ಅವರೇ ಹಿಡಿದುಕೊಳ್ಳಬೇಕು. ಸೂಡಿಯ ಏರು ಬಂತೆಂದರೆ ಇವರು ಗೇರು ಹಾಕಿ, “ಹಿಡೀರಿ” ಅನ್ನುವರು, ನಡುವಿನವರು ಎರಡೂ ಕೈಯಿಂದ ಲಿವರನ್ನು ಮುಂದಕ್ಕೆ ಒತ್ತಿ ಹಿಡಿಯುವರು. ಸಂತೆಗೆ ಹೊರಟ ಹೆಂಗಸರು ಮಡಿಲಲ್ಲಿ ಬದನೆಕಾಯಿ ಚೀಲ ಇಟ್ಟುಕೊಂಡೇ ಹಿಡಿಯುತ್ತಿದ್ದರು. ಹೊಸ ಅಳಿಯಂದಿರನ್ನು ಬೇಕಂತಲೇ ಅಲ್ಲಿ ಕೂಡಿಸಿ, ಅತ್ತೆ ಮನೆಗೆ ಹೋಗುವ ಮೊದಲು ದುಡಿಯಲಿ ಎಂದು ನಗುತ್ತಿದ್ದರು. ಜನ ಬೇಜಾರು ಮಾಡಿಕೊಳ್ಳಲಿಲ್ಲ, ಇವರ ಕೈಯ ಮೇಲೆ ಅಷ್ಟು ಭರವಸೆ ಇತ್ತು.

ಆದರೆ ಗೇರು ಕೇಳಬೇಕಲ್ಲ. ಒಂದು ದಿನ ಅದು ಹಿಡಿದರೂ ನಿಲ್ಲದಾಯಿತು. ಜೀಪನ್ನು ದೂಡಿಕೊಂಡು ಮಿಸ್ತ್ರಿಯವರ ಶೆಡ್ಡಿಗೆ ತಂದರು.

ಮಿಸ್ತ್ರಿ ನಮ್ಮೂರಿನ ಮುಸಲ್ಮಾನರ ಹಿರಿಯರು, ನಾವೆಲ್ಲ ಅವರಿಗೆ ಚಾಚಾ ಅನ್ನುತ್ತಿದ್ದೆವು. ಬಸ್ ಸ್ಟ್ಯಾಂಡಿನ ಹಿಂದೆ ಬೇವಿನ ಗಿಡದ ಕೆಳಗೆ ಅವರ ಶೆಡ್ಡು. ಹುಡುಗರಾಗಿದ್ದಾಗ ಮುಂಬಯಿಗೆ ಓಡಿಹೋಗಿ ಒಂದು ಗ್ಯಾರೇಜಿನಲ್ಲಿ ಬಹಳ ವರ್ಷ ದುಡಿದು ಬಂದವರು. ಅಲ್ಲಿಗೆ ಸಾಹುಕಾರರು ತರಿಸಿಕೊಂಡ ಅಮೇರಿಕಾದ ಭಾರಿ ಕಾರುಗಳು ಬರುತ್ತಿದ್ದವಂತೆ, ಮೂತಿ ಉದ್ದನೆಯವು, ಗುರುಗುಟ್ಟುವವು. ಅಂಥ ಒಂದು ಕಾರಿನ ಬಣ್ಣದ ಚಿತ್ರ ಶೆಡ್ಡಿನ ತಗಡಿಗೆ ಅಂಟಿಸಿದ್ದರು, ಬಿಸಿಲಿಗೆ ಬಣ್ಣ ಹೋಗಿ ಅದು ಕಾರೋ ಮೊಸಳೆಯೋ ಎಂದು ತಿಳಿಯದಂತಾಗಿತ್ತು. ಚಾಚಾ ನಮ್ಮ ಡಬ್ಬಿ ಬಿಚ್ಚಿದರು. ಗೇರ್ ಬಾಕ್ಸಿಗೆ ಅವರು ಡಬ್ಬಿ ಅನ್ನುತ್ತಿದ್ದದ್ದು. ಒಳಗಿನ ಹಲ್ಲುಗಳು ಮುದುಕಿಯ ಹಲ್ಲಿನ ಹಾಗೆ ಸವೆದಿದ್ದವು. ಬಿಡಿ ಭಾಗ ಈಗ ಸಿಗುವುದಿಲ್ಲ, ಬೆಸೆದು ಅರದಿಂದ ಉಜ್ಜುವ ಕಾಲ ಮುಗಿಯಿತು ಎಂದರು. ಇದೇ ಜಾತಿಯ ಇನ್ನೊಂದು ಡಬ್ಬಿ ಸಿಕ್ಕರೆ ಸರಿ, ಇಲ್ಲದಿದ್ದರೆ ನಾಲ್ಕು ಗೇರಿನದು ಕೂಡಿಸಿ ಕೊಡುತ್ತೇನೆ, ಅದು ಬೇಕಾದಷ್ಟು ಸಿಗುತ್ತದೆ ಎಂದರು.

ನಾಲ್ಕು ಗೇರು ಅಂದಕೂಡಲೆ ಇವರ ಮುಖ ಸಣ್ಣದಾಯಿತು. ಯಾಕೆಂದು ನನಗೆ ಗೊತ್ತಿತ್ತು. ಅದರ ಹಿಂದಿನ ದೀಪಾವಳಿಯಲ್ಲಿ ಸ್ಟ್ಯಾಂಡಿನ ಗೆಳೆಯರೊಬ್ಬರ ಹೊಸ ಗಾಡಿಯನ್ನು ನೆರಳಿಗೆ ನಿಲ್ಲಿಸಿ ಕೊಡಲು ಹೋಗಿದ್ದರು. ಹಿಂದಕ್ಕೆ ತೆಗೆಯಬೇಕಾಗಿತ್ತು, ಕೈ ಎಡಕ್ಕೆ ಹೋಗಿ ಮುಂದಕ್ಕೆ ಒತ್ತಿತು. ನಾಲ್ಕು ಗೇರಿನ ಗಾಡಿಯಲ್ಲಿ ಆ ಜಾಗದಲ್ಲಿ ಇರುವುದು ಮೊದಲನೇ ಗೇರು. ಗಾಡಿ ಮುಂದಕ್ಕೆ ಹಾರಿ ಬಾಳೆಹಣ್ಣಿನ ಗಾಡಿಗೆ ಬಡಿಯಿತು. ಎಲ್ಲರೂ ನಕ್ಕರು, ಇವರೂ ನಕ್ಕರು. ಮನೆಗೆ ಬಂದು ಊಟ ಮಾಡಲಿಲ್ಲ.

“ಚಾಚಾ, ಈ ಕೈಗೆ ಮೂರ ಗೊತ್ತು,” ಎಂದರು ಇವರು. “ನಾಕನೇದ ಕಲಿಯೋ ವಯಸ್ಸಲ್ಲ. ಇದ ಸಿಗಲಿಲ್ಲ ಅಂದ್ರ ನಾ ಗಾಡಿ ಬಿಟ್ಟ ಹಾಂಗ.”

ಗಾಡಿ ಬಿಟ್ಟ ಇವರನ್ನು ನನಗೆ ಊಹಿಸಲೂ ಆಗಲಿಲ್ಲ. ಇವರು ಮಾತು ಬಲ್ಲವರಲ್ಲ, ನೇಯ್ಗೆ ಕಲಿಯಲಿಲ್ಲ, ಒಕ್ಕಲುತನ ಗೊತ್ತಿಲ್ಲ. ಊರಿನಲ್ಲಿ ಇವರಿಗೆ ಇದ್ದ ಒಂದೇ ಹೆಸರು, ಯಾರಿಗೂ ಒಂದು ಗೀರು ತಗುಲಿಸದ ಡ್ರೈವರ್ ಎಂಬುದು. ಅದಕ್ಕೇ ಹುಡುಕಾಟ ಸುರುವಾಯಿತು. ಚಾಚಾನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಎರಕದ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ಇವರಿಗೆ ಇಂಗ್ಲಿಷ್ ಅಕ್ಷರ ಬಾರದು. ನಾನು ಮ್ಯಾಟ್ರಿಕ್ ತನಕ ಓದಿದ್ದೆ, ಪಾತ್ರೆ ತಿಕ್ಕಿ ತಿಕ್ಕಿ ಕೈ ಗಟ್ಟಿಯಾಗಿತ್ತು. ಹೀಗೆ ಹಾಳೂರಿಗೆ ಉಳಿದವಳು ನಾನೇ ಗೌಡತಿಯಾದೆ.

ಚಾಚಾ ನನಗೆ ಪಾಠ ಹೇಳಿದರು. ಮೊದಲು ನಂಬರು ನೋಡಬೇಡ, ಮುಚ್ಚಳ ನೋಡು ಎಂದರು. ಮುಂಬಯಿಯ ಆ ದೊಡ್ಡ ಕಾರುಗಳ ಡಬ್ಬಿಗಳಲ್ಲಿ ಕೆಲವಕ್ಕೆ ಮುಚ್ಚಳ ಪಕ್ಕದಲ್ಲಿ, ಕೆಲವಕ್ಕೆ ನೆತ್ತಿಯ ಮೇಲೆ. ಪಕ್ಕದ ಮುಚ್ಚಳಕ್ಕೆ ಏಳು ಬೋಲ್ಟಿದ್ದರೆ ಒಂದು ಮನೆತನ, ಒಂಬತ್ತಿದ್ದರೆ ಇನ್ನೊಂದು, ನೆತ್ತಿಯ ಮೇಲೆ ಹತ್ತಿದ್ದರೆ ಮೂರನೆಯದು. ನಾವು ಬೆಡಗು ಕೇಳಿ ಹೆಣ್ಣು ಕೊಡುವ ಹಾಗೆ ಅವರು ಬೋಲ್ಟು ಕೇಳಿ ಡಬ್ಬಿ ಕೂಡಿಸುತ್ತಿದ್ದರಂತೆ. ನಮ್ಮ ಜೀಪಿನದು ನೆತ್ತಿಯ ಮುಚ್ಚಳ, ಆರು ಬೋಲ್ಟು, ಗಿಡ್ಡ ಮೈ. ನಾಲ್ಕು ಗೇರಿನದಾದರೆ ಮೈ ಉದ್ದ. ಅದಾದ ಮೇಲೆ ಪಕ್ಕದ ಎರಕದ ಅಕ್ಷರ, ನಮ್ಮದರಲ್ಲಿ ಟಿ ಎಂದಿದ್ದು ಮುಂದೆ ತೊಂಬತ್ತು. ಕೊನೆಗೆ, ಎಲ್ಲಕ್ಕಿಂತ ಮುಖ್ಯ, ಗೇರು ಹಾಕಿ, ಡಬ್ಬಿಯಿಂದ ಮುಂದೆ ಚಾಚಿದ ದಂಡವನ್ನು ಕೈಯಿಂದ ತಿರುಗಿಸಿ ಹಿಂದಿನದು ಎಷ್ಟು ತಿರುಗುತ್ತದೆ ಎಂದು ಎಣಿಸುವುದು.

“ನಂಬರ ಹೊರಗಿನ ಮಾತ ಹೇಳ್ತೈತಿ ತಂಗಿ,” ಎಂದರು ಚಾಚಾ. “ಒಳಗ ಯಾರ ಕುಂತಾರ ಅನ್ನೋದು ತಿರುಗಿಸಿದ್ರನ ಗೊತ್ತು.”

ದಂಡ ತಿರುಗಿಸುವಾಗ ಎಲ್ಲಿ ಸುರುವಾಯಿತು ಎಂದು ಮರೆತುಹೋಗುತ್ತಿತ್ತು. ಅದಕ್ಕೆ ನಾನು ಮಗ್ಗದ ಕೆಂಪು ನೂಲನ್ನು ಎರಡೂ ದಂಡಕ್ಕೆ ಕಟ್ಟಿದೆ. ನೂಲು ಮೇಲೆ ಬಂದರೆ ಒಂದು ಸುತ್ತು. ಚಾಚಾ ಬಹಳ ಮೆಚ್ಚಿದರು. ನಮ್ಮ ಕೆಟ್ಟ ಡಬ್ಬಿಯ ಮೇಲೆಯೇ ಇದನ್ನೆಲ್ಲ ಕಲಿತೆ, ಅದರ ಹಿಂದಿನ ದಂಡಕ್ಕೆ ಕಟ್ಟಿದ ನೂಲನ್ನು ಬಿಚ್ಚಲು ಬರದೆ ಹಾಗೇ ಬಿಟ್ಟೆ.

ಆಮೇಲೆ ನಾವಿಬ್ಬರೂ ಬಸ್ಸು ಹಿಡಿದು ಅಲೆದದ್ದೇ ಅಲೆದದ್ದು. ರೋಣದ ಗುಜರಿಯಲ್ಲಿ ಒಂದು ಸಿಕ್ಕಿತು, ಆರು ಬೋಲ್ಟು, ಗಿಡ್ಡ ಮೈ. ಮೈಗೆಲ್ಲ ಬೆಳ್ಳಿಯ ಬಣ್ಣ ಮೆತ್ತಿತ್ತು. ನಮ್ಮ ಕಡೆ ಮಾನವಮಿಯ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಗಾಡಿಯ ಕಬ್ಬಿಣಕ್ಕೆಲ್ಲ ಬಣ್ಣ ಬಳಿಯುತ್ತಾರೆ, ವರ್ಷ ವರ್ಷ ಬಳಿದು ಎರಕದ ಅಕ್ಷರ ಮುಚ್ಚಿಹೋಗುತ್ತದೆ. ಭಕ್ತಿ ಹೆಚ್ಚಾದಷ್ಟೂ ಗುರುತು ಕಡಿಮೆ. ಸೀಮೆಎಣ್ಣೆ ಹಾಕಿ ತಿಕ್ಕಿದೆ, ಟಿ ಬಂತು, ತೊಂಬತ್ತೂ ಬಂತು. ಎತ್ತಿ ನೋಡಿದರೆ ಹಗುರ. ಒಳಗೆ ಒಂದೂ ಗೇರಿರಲಿಲ್ಲ, ಯಾರೋ ಕಿತ್ತು ಮಾರಿಕೊಂಡಿದ್ದರು.

ರಾಜೂರಿನ ಒಬ್ಬ ಒಕ್ಕಲಿಗನ ಹೊಲದಲ್ಲಿ ಇನ್ನೊಂದು ಇದೆ ಎಂದು ಯಾರೋ ಹೇಳಿದರು. ಹೋಗಿ ನೋಡಿದರೆ ಆ ಪುಣ್ಯಾತ್ಮ ಅದನ್ನು ಹೆಂಟೆ ಒಡೆಯುವ ಕೊರಡಿನ ಮೇಲೆ ಭಾರಕ್ಕೆ ಕಟ್ಟಿಕೊಂಡಿದ್ದ. ಕಲ್ಲಿಟ್ಟರೆ ಉರುಳುತ್ತದೆ, ಇದು ಗಟ್ಟಿಯಾಗಿ ಕೂಡುತ್ತದೆ ಎಂದು ವಿವರಿಸಿದ. ಎತ್ತು ಬಿಡಿಸಿ, ಹಗ್ಗ ಬಿಚ್ಚಿ, ನಮ್ಮ ಸಮಾಧಾನಕ್ಕೆ ಮುಚ್ಚಳವನ್ನೂ ತೆಗೆಸಿಕೊಟ್ಟ. ಒಳಗೆ ಎರೆಮಣ್ಣು ತುಂಬಿ, ಗೇರುಗಳೆಲ್ಲ ತುಕ್ಕು ಹಿಡಿದು ಒಂದೇ ಗಡ್ಡೆಯಾಗಿದ್ದವು. ಇವರು ಮತ್ತೆ ಅದನ್ನು ಕೊರಡಿಗೆ ಕಟ್ಟಲು ಅವನಿಗೆ ಕೈ ಹಚ್ಚಿದರು.

ನರಗುಂದದಲ್ಲಿ ಸಿಕ್ಕದ್ದು ನನ್ನನ್ನು ಹೆಚ್ಚು ನೋಯಿಸಿತು. ಅಲ್ಲಿಯ ಗುಜರಿಯವ ಒಳ್ಳೆಯ ಮನುಷ್ಯ, ನೆರಳಲ್ಲಿ ಕೂಡಿಸಿ ಚಹಾ ಕುಡಿಸಿದ. ಬೋಲ್ಟು ಸರಿ, ಅಕ್ಷರ ಸರಿ, ಒಳಗೆ ಗೇರುಗಳಿದ್ದವು, ಹಲ್ಲು ಹೊಸದರಂತೆ ಚೂಪಾಗಿದ್ದವು. ಇವರು ಆ ಡಬ್ಬಿಯ ಮೇಲೆ ಕೈಯಿಟ್ಟು ನನ್ನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಮದುವೆಯಲ್ಲಿ ಕೂಡ ಹಾಗೆ ನೋಡಿರಲಿಲ್ಲ. ನಾನು ನೂಲು ಕಟ್ಟಿ ತಿರುಗಿಸಿದೆ. ಸುತ್ತು ಹೊಂದಲಿಲ್ಲ. ಮತ್ತೆ ತಿರುಗಿಸಿದೆ. ಮೈ ನಮ್ಮ ಜಾತಿಯದು, ಒಳಗಿನದು ಬೇರೆ ಯಾವುದೋ ಗಾಡಿಯದು, ಯಾರೋ ಎರಡನ್ನೂ ಕೂಡಿಸಿ ಕುರುಡು ಲೆಕ್ಕದಲ್ಲಿ ನಿಲ್ಲಿಸಿದ್ದರು. ಹೇಳದೆ ಇದ್ದುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಕೂಡಿಸಿದರೆ ಹತ್ತು ಮೈಲು ಹೋಗುವ ಮೊದಲೇ ಒಡೆಯುತ್ತಿತ್ತು. ಅಲ್ಲರೀ, ಇದಲ್ಲ ಎಂದೆ. ಇವರು ಚಹಾದ ಬಸಿಯನ್ನು ಕೆಳಗಿಟ್ಟು ಎದ್ದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ನಮ್ಮ ತಿರುಗಾಟ. ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಗೆ ಮುಖ ಮಾಡಿ ಅತ್ತೆ.

ಕೊನೆಗೆ ನಾಲ್ಕು ಗೇರಿನದೇ ಕೂಡಿಸಿದ್ದಾಯಿತು. ಬೇರೆ ದಾರಿ ಇರಲಿಲ್ಲ. ಮೂರು ಗಾಲಿಯ ಟಂಟಂಗಳು ಬಂದು ಸ್ಟ್ಯಾಂಡು ತುಂಬುತ್ತಿದ್ದವು, ಜೀಪು ನಿಂತಷ್ಟು ದಿನ ನಮ್ಮ ಜಾಗ ಹೋಗುತ್ತಿತ್ತು. ನಮ್ಮ ಹಳೆಯ ಡಬ್ಬಿಯನ್ನು ಹೊಸದರ ಬದಲಿಗೆ ಚಾಚಾನೇ ಇಟ್ಟುಕೊಂಡರು. ಒಂದು ವಿಷಯಕ್ಕೆ ಮಾತ್ರ ಇವರು ಹಟ ಹಿಡಿದರು. ಹಳೆಯ ಲಿವರಿನ ಗುಂಡನ್ನು ಹೊಸ ಲಿವರಿಗೆ ಹಾಕಬೇಕು. ಮಾವನವರ ಕಾಲದಿಂದ ಪ್ರತಿ ಖಂಡೇ ಪೂಜೆಗೆ ಆ ಗುಂಡಿಗೇ ಮೊದಲ ವಿಭೂತಿ, ಮೊದಲ ಕುಂಕುಮ. ಅದು ಮನೆಯ ಲಕ್ಷ್ಮಿ, ಅದನ್ನು ಗುಜರಿಗೆ ಹಾಕುವುದು ಹೇಗೆ? ನಮ್ಮ ಕಡೆಯ ಯಾವ ಡ್ರೈವರನೂ ಹಾಕುವುದಿಲ್ಲ. ಗಾಡಿ ಬದಲಾದರೂ ಗುಂಡು ಬದಲಾಗಬಾರದು. ಚಾಚಾ ಗುಂಡಿನ ಒಳಗಿನ ತಿರುಪಿನ ಗೆರೆ ಹೊಸದಾಗಿ ಕೊರೆದು ಕೂಡಿಸಿದರು, ನಾನು ಕುಂಕುಮ ಹಚ್ಚಿದೆ, ಊದಿನಕಡ್ಡಿ ಬೆಳಗಿದೆ. ಅಂಗೈಗೆ ಅದೇ ಗುಂಡು, ಅದೇ ಸವೆತ, ಅದೇ ತಂಪು. ಕೆಳಗೆ ಮಾತ್ರ ಬೇರೆಯದೇ ಡಬ್ಬಿ.

ಇವರು ಬಹಳ ದಿನ ಊರ ಹೊರಗಿನ ಬಯಲಿನಲ್ಲಿ ಖಾಲಿ ಗಾಡಿ ಹೊಡೆದು ಕಲಿತರು. ಬಾಯಿಯಲ್ಲಿ ಗಟ್ಟಿಯಾಗಿ ಹೇಳಿಕೊಂಡು ಗೇರು ಹಾಕುತ್ತಿದ್ದರು, ಒಂದನೇ ತರಗತಿಯ ಮಕ್ಕಳು ಮಗ್ಗಿ ಹೇಳಿದ ಹಾಗೆ. ಹಿಂದಕ್ಕೆ ಹೋಗುವ ಗೇರು ಈಗ ಬೇರೆ ಮೂಲೆಗೆ ಹೋಗಿತ್ತು, ಅದನ್ನು ಹಾಕುವ ಮೊದಲು ಒಮ್ಮೆ ಕಣ್ಣಿನಿಂದ ನೋಡಿ ಹಾಕುತ್ತಿದ್ದರು. ಇವರು ಹಾಗೆ ನೋಡಿ ಹಾಕುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಆದರೂ ನಡೆಯಿತು. ಜನ ಹತ್ತಿದರು. ನಡುವಿನ ಸೀಟಿನವರು ಏರಿನಲ್ಲಿ ಸುಮ್ಮನೆ ಲಿವರಿಗೆ ಕೈ ಹಾಕಲು ಬರುವರು, ಈಗ ಬೇಡ ಎಂದರೆ ಅವರಿಗೆ ಏನೋ ಕಳೆದುಕೊಂಡಂತೆ ಆಗುತ್ತಿತ್ತು.

ಆಮೇಲೆ ಒಂದು ಮಳೆಗಾಲದಲ್ಲಿ ಮಲಪ್ರಭೆ ತುಂಬಿ ಬಂತು. ನನ್ನ ಅಕ್ಕನನ್ನು ಕೊಟ್ಟದ್ದು ಮೆಣಸಗಿಗೆ. ಊರಿಗೆ ನೀರು ಏರುತ್ತಿದೆ, ಜನ ಎತ್ತರದ ಕಡೆ ಹೋಗುತ್ತಿದ್ದಾರೆ ಎಂದು ಸುದ್ದಿ ಬಂದಾಗ ಇವರು ಒಂದು ಮಾತೂ ಕೇಳದೆ ಜೀಪು ತೆಗೆದರು. ನಾನೂ ಹತ್ತಿದೆ. ಅಕ್ಕನ ಗಂಡ ದನ ಹೊಡೆದುಕೊಂಡು ಮೊದಲೇ ಹೋಗಿದ್ದ. ಅಕ್ಕ, ಅವಳ ಅತ್ತೆ, ಒಂದೆರಡು ಗಂಟು, ಜೋಳದ ಚೀಲ, ಇಷ್ಟನ್ನು ಹಿಂದೆ ಹಾಕಿಕೊಂಡೆವು. ನಾನು ನಡುವಿನ ಸೀಟಿನಲ್ಲಿ ಕೂತೆ, ನನ್ನ ಪಕ್ಕ ಅಕ್ಕನ ನೆರೆಮನೆಯವನೊಬ್ಬ. ಊರು ದಾಟಿ ಒಂದು ಇಳಿಜಾರಿಗೆ ಬಂದೆವು, ಕೆಳಗಿನ ಸಣ್ಣ ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಇವರು ನೀರಿನ ಅಂಚಿಗೆ ಗಾಡಿ ನಿಲ್ಲಿಸಿದರು. ಇದು ಆಗದು, ಹಿಂದಕ್ಕೆ ಹೋಗಿ ಮೇಲಿನ ಹೊಲದ ದಾರಿ ಹಿಡಿಯೋಣ ಎಂದರು. ಹಿಂದೆ ಕೂತ ಮುದುಕಿ ನೀರು ನೋಡಿ ದೇವರನ್ನು ಕೂಗತೊಡಗಿದಳು. ನೆರೆಮನೆಯವ ಲಗೂ ಲಗೂ ಎಂದು ಅವಸರ ಮಾಡಿದ.

ಇವರು ಹಿಂದೆ ತಿರುಗಿ ದಾರಿ ನೋಡಿದರು. ಕಣ್ಣು ಹಿಂದಿತ್ತು, ಕೈ ಗುಂಡಿನ ಮೇಲಿತ್ತು. ಕೈ ಎಡಕ್ಕೆ ಹೋಯಿತು, ಮುಂದಕ್ಕೆ ಒತ್ತಿತು.

ನಾನು ಅದನ್ನು ನೋಡಿದೆ. ಲೋಕದಲ್ಲಿ ಆ ಹೊತ್ತಿಗೆ ಅದು ತಪ್ಪು ಎಂದು ತಿಳಿದವಳು ನಾನೊಬ್ಬಳೇ. ಬಾಯಿ ತೆರೆಯುವಷ್ಟರಲ್ಲಿ ಕ್ಲಚ್ಚು ಬಿಟ್ಟಾಗಿತ್ತು. ಗಾಡಿ ಮುಂದಕ್ಕೆ ಹಾರಿ ನೀರಿಗಿಳಿಯಿತು. ಇವರು ಬ್ರೇಕು ಒತ್ತಿದರು, ಮುಂದಿನ ಗಾಲಿ ಸೇತುವೆಯ ಅಂಚಿನಿಂದ ಜಾರಿ ಜೀಪು ಒಂದು ಬದಿಗೆ ಒರಗಿತು. ಇಳಿಜಾರಿನ ಮೇಲೆ ನೀರು ನೋಡುತ್ತ ನಿಂತಿದ್ದ ಗಂಡಸರು ಓಡಿಬಂದು ಹಗ್ಗ ಹಾಕಿ ಎಲ್ಲರನ್ನೂ ಎಳೆದರು. ಇವರು ಕೊನೆಗೆ ಬಂದರು, ಮುದುಕಿಯನ್ನು ಹೆಗಲ ಮೇಲೆ ಹಾಕಿಕೊಂಡು. ಯಾರೂ ಸಾಯಲಿಲ್ಲ. ಸೀಟಿನ ಕೆಳಗೆ ಸಿಕ್ಕ ಮುದುಕಿಯ ಸೊಂಟ ಮುರಿದಿತ್ತು, ಆಮೇಲೆ ಅವಳು ಎದ್ದು ನಡೆಯಲಿಲ್ಲ. ನನ್ನಕ್ಕ ನಮ್ಮನ್ನು ಬೈಯಲಿಲ್ಲ, ಆದರೆ ಆ ದಿನದಿಂದ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ನೀರಿನ ಮುಂದೆ ನಿಲ್ಲಿಸಿ, ಹಿಂದಕ್ಕೆ ಹೋಗುತ್ತೇನೆಂದು ಹೇಳಿ, ಬೇಕಂತಲೇ ಮಾಡಿದಂತೆ ನೀರಿಗೆ ಇಳಿಸಿದರೆ ಜನ ಏನನ್ನುತ್ತಾರೆ? ಡ್ರೈವರ್ ಕುಡಿದಿದ್ದ ಅಂದರು. ನಾವು ಗಜೇಂದ್ರಗಡ ಮುಟ್ಟುವ ಮೊದಲೇ ಮಾತು ಮುಟ್ಟಿತ್ತು. ಇವರು ಹುಟ್ಟಿದಾರಭ್ಯ ಹೆಂಡ ಮುಟ್ಟಿದವರಲ್ಲ, ಮದುವೆ ಮನೆಯಲ್ಲಿ ಕುಡಿದವರ ಪಕ್ಕದಲ್ಲಿ ಊಟಕ್ಕೂ ಕೂಡುತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಸ್ಟ್ಯಾಂಡಿಗೆ ಹೋಗಿ ಒಬ್ಬೊಬ್ಬರ ನೀರಿಳಿಸಿ ಬರುತ್ತೇನೆ ಎಂದು ಸೆರಗು ಕಟ್ಟಿದ್ದೆ. ಅಷ್ಟರಲ್ಲಿ ಚಾಚಾ ಕೋಲೂರುತ್ತ ನಮ್ಮ ಮನೆಗೆ ಬಂದರು. ಅವರಿಗೆ ಆಗ ಕಣ್ಣು ಪೂರ್ತಿ ಮಂಜಾಗಿತ್ತು, ನನ್ನನ್ನು ದನಿಯಿಂದಲೇ ಗುರುತಿಸಿದರು.

“ನೀ ಬ್ಯಾಡ ತಂಗಿ, ನಾ ಹೇಳ್ತೀನಿ ಸ್ಟ್ಯಾಂಡಿನ್ಯಾಗ ನಿಂತು,” ಎಂದರು. “ಡಬ್ಬಿ ಬದಲಾಗೇತಿ, ಮನಷ್ಯಾ ಬದಲಾಗಿಲ್ಲ ಅಂತ.”

ಇವರು ಗೋಡೆಗೆ ಒರಗಿ ಕೂತಿದ್ದರು.

“ಬ್ಯಾಡ್ರಿ ಚಾಚಾ,” ಎಂದರು. “ಕುಡದಿದ್ದಾ ಅಂತನ ಇರ್ಲಿ. ಕುಡದಾಂವಗ ಮುಂಜಾನಿ ನಶಾ ಇಳೀತೈತಿ ಅಂತ ಜನಾ ಮತ್ತ ಹತ್ತತಾರ. ಮುಂದ ಯಾವುದು ಹಿಂದ ಯಾವುದು ತಿಳೀಲಾರದಾಂವನ ಗಾಡಿ ಯಾರ ಹತ್ತತಾರ್ರಿ?”

ಚಾಚಾ ನಾನು ಕೊಟ್ಟ ಚಹಾವನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದರು. ನಾನು ಕಟ್ಟಿದ ಸೆರಗು ಬಿಚ್ಚಿದೆ. ಇವರು ಹಾಗೆ ಕೇಳಿಕೊಂಡ ಮೇಲೆ ನಾನು ಸತ್ಯ ಹೇಳಿ ಯಾರನ್ನು ಉದ್ಧಾರ ಮಾಡಬೇಕಾಗಿತ್ತು? ಊರಿಗೆಲ್ಲ ನಾನು ಕುಡುಕನ ಹೆಂಡತಿಯಾದೆ. ನೀರಿಗೆ ಹೋದಾಗ ನೇಕಾರರ ಸೊಸೈಟಿಯ ಹೆಂಗಸರು ಮರುಕದಿಂದ ಮಾತಾಡಿಸುವರು, ಇವರು ಹೊಡೆಯುತ್ತಾರೇನು ಎಂದು ಕೇಳುವರು. ನಾನು ಹಲ್ಲು ಕಚ್ಚಿಕೊಂಡು ಬಿಂದಿಗೆ ತುಂಬುತ್ತಿದ್ದೆ.

ಅಷ್ಟು ಮಾಡಿದ್ದಕ್ಕೆ ಏನಾದರೂ ಸಿಕ್ಕಿತೋ ಎಂದರೆ ಅದೂ ಇಲ್ಲ. ನೀರು ಇಳಿದ ಮೇಲೆ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದರು, ಒಳಗೆಲ್ಲ ಹೊಳೆಯ ರಾಡಿ. ಗುಜರಿಯವರು ಬಂದು ಒಯ್ದರು. ಗುಂಡನ್ನು ಬಿಚ್ಚಿಕೊಳ್ಳಲೇ ಎಂದು ನಾನು ಕೇಳಿದೆ, ಇವರು ಎದ್ದು ಒಳಗೆ ಹೋದರು. ಸ್ಟ್ಯಾಂಡಿನ ಗೆಳೆಯರು ಬಾಡಿಗೆ ಗಾಡಿ ಕೊಡಿಸುತ್ತೇವೆ, ಕುಡಿಯುವುದೊಂದು ಬಿಡು ಎಂದು ಬುದ್ಧಿ ಹೇಳಲು ಬಂದರು. ಬಿಡುತ್ತೇನೆ ಎಂದು ಇವರು ಕೈ ಮುಗಿದರು. ಹೋಗಲಿಲ್ಲ. ಅವು ಎಲ್ಲವೂ ನಾಲ್ಕು, ಐದು ಗೇರಿನವು.

ಆಮೇಲೆ ಒಂದು ಅಡತಿ ಅಂಗಡಿಯಲ್ಲಿ ಚೀಲ ಹೊಲಿಯುವ ಕೆಲಸ ಹಿಡಿದರು. ದಬ್ಬಣ, ಸುತಳಿ, ಕಡಲೆಯ ಚೀಲ. ಅಲ್ಲಿ ಹಿಂದೂ ಮುಂದೂ ಇಲ್ಲ. ನಾವು ಎಲ್ಲಿಗಾದರೂ ಬಸ್ಸಿನಲ್ಲಿ ಹೋದರೆ ಇವರು ಡ್ರೈವರನ ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದರು, ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು, ಅದು ಏಳದಂತೆ ಮೇಲೆ ಭಾರ ಬಿಟ್ಟು. ಯಾಕೆ ಹಾಗೆ ಎಂದು ಒಮ್ಮೆ ಕೇಳಿದೆ. ಥಂಡಿ ಎಂದರು. ಏಪ್ರಿಲ್ ತಿಂಗಳದು.

ಚಾಚಾ ತೀರಿಹೋದರು. ಶೆಡ್ಡಿನ ಸಾಮಾನನ್ನೆಲ್ಲ ಅವರ ಮನೆಯವರು ರೋಣದ ಗುಜರಿಗೆ ಹಾಕಿದರು. ಅದಾದ ಕೆಲವು ತಿಂಗಳಿಗೆ ನಾನು ನೂಲು ತರಲು ರೋಣಕ್ಕೆ ಹೋದವಳು ಆ ಗುಜರಿಯ ಮುಂದೆ ಹಾಯುವಾಗ ಅಭ್ಯಾಸ ಬಲದಿಂದ ರಾಶಿಯ ಕಡೆ ನೋಡಿದೆ. ಗಿಡ್ಡ ಮೈ. ನೆತ್ತಿಯ ಮುಚ್ಚಳ. ಆರು ಬೋಲ್ಟು. 'ನಿನಗೇನು ಬೇಕಾಗಿದೆ, ನಡಿ' ಎಂದು ನನಗೆ ನಾನೇ ಬೈದುಕೊಂಡೆ. ಕಾಲು ಕೇಳಲಿಲ್ಲ. ಹತ್ತಿರ ಹೋಗಿ ತಿರುವಿದರೆ ಹಿಂದಿನ ದಂಡಕ್ಕೆ ನೂಲಿನ ಗಂಟಿತ್ತು. ಕೆಂಪು ಹೋಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಆದರೆ ಗಂಟು ನನ್ನದು. ಅಷ್ಟೂರು ಅಲೆದು, ಅಷ್ಟು ಡಬ್ಬಿ ತಿಕ್ಕಿ, ಎಳ್ಳಷ್ಟೂ ಅನುಮಾನವಿಲ್ಲದೆ ನಾನು ಗುರುತು ಹಿಡಿದದ್ದು ಅದೊಂದನ್ನೇ. ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಕೂತು ಅದರ ದಂಡ ತಿರುಗಿಸಿದೆ. ಸುತ್ತು ಸರಿಯಾಗಿ ಬಂತು. ಗುಜರಿಯವ ಬೇಕೇನವ್ವಾ ಎಂದು ಕೇಳಿದ. ಬೇಡ ಎಂದೆ.

ಮನೆಗೆ ಬಂದು ಹೇಳಬಾರದು ಎಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಇವರು ಅಂಗಡಿಯಿಂದ ತಂದ ಹರಿದ ಚೀಲಗಳಿಗೆ ತೇಪೆ ಹಾಕುತ್ತ ಕೂತಿದ್ದರು. ನಮ್ಮ ಡಬ್ಬಿ ರೋಣದಲ್ಲಿ ಬಿದ್ದಿದೆ ಎಂದೆ. ಇವರು ದಬ್ಬಣ ನಿಲ್ಲಿಸಿದರು, ತಲೆ ಎತ್ತಲಿಲ್ಲ.

“ನಮ್ಮದ ಅಂತ ಹ್ಯಾಂಗ ಗೊತ್ತಾತು?”

ನೂಲಿನ ಗಂಟಿನ ಮಾತು ಹೇಳಿದೆ. ಇವರು ಏನೋ ಮರೆತದ್ದನ್ನು ಕೇಳುವವರ ಹಾಗೆ ಕೇಳಿದರು:

“ಅದರಾಗ ಹಿಂದಕ್ಕ ಹೋಗೂದು ಯಾ ಕಡೆ ಇತ್ತು?”

“ಎಡಕ್ಕ ತಳ್ಳಿ, ಮುಂದ ಒತ್ತೂದ್ರಿ,” ಎಂದೆ.

“ಅಂದ್ರ ನಾ ಹಾಕಿದ್ದು ಬರೋಬ್ಬರಿ ಇತ್ತು.”

ಮುದುಕಿಯ ಸೊಂಟ ಕಣ್ಣ ಮುಂದೆ ಬಂತು, ನನ್ನಕ್ಕ ಬಂದಳು, ಕೆಂಪು ನೀರು ಬಂತು. ಬರೋಬ್ಬರಿ ಇತ್ರಿ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇವರಿಗೆ ಕೇಳಿಸಿತು. ತಲೆಯಾಡಿಸಿ ಮತ್ತೆ ದಬ್ಬಣಕ್ಕೆ ಸುತಳಿ ಪೋಣಿಸಿಕೊಂಡರು.

ಆ ಮಾತು ಅಲ್ಲಿಗೇ ನಿಂತಿತು. ಮುಂದೆ ಒಂದು ವಾರಕ್ಕೆ ಇಬ್ಬರೂ ಸೂಡಿಗೆ ಒಂದು ಮದುವೆಗೆ ಹೋದೆವು. ಬಸ್ಸಿನಲ್ಲಿ ಇವರು ಡ್ರೈವರನ ಹಿಂದೆಯೇ ಕೂತರು, ನಾನು ಪಕ್ಕದಲ್ಲಿ ಕೂತೆ. ಏರು ಬಂದಾಗ ಡ್ರೈವರ್ ಗೇರು ಬದಲಿಸಿದ. ಇವರ ಎಡಗೈ ತೊಡೆಯ ಕೆಳಗೇ ಇತ್ತು.